ಅಜ್ಜಿಯರ ತರಬೇತಿ

ಅಂಗನವಾಡಿಯಲ್ಲಿ ಇಂದು ಪ್ರಥಮ ಚಿಕಿತ್ಸೆಯ ತರಬೇತಿ. ಕಾರ್ಯಕರ್ತೆಯರ ಜೊತೆ ಅಜ್ಜಿಯರನ್ನೂ ಕರೆದದ್ದು ಒಳ್ಳೆಯದಾಯಿತು. ಹಗಲೆಲ್ಲ ಮೊಮ್ಮಕ್ಕಳನ್ನು ನೋಡಿಕೊಳ್ಳುವವರು ಅವರೇ ತಾನೇ!

ಗಂಟಲಿಗೆ ಕಡಲೆಬೀಜ ಸಿಕ್ಕರೆ ಕಾಣದೆ ಬೆರಳು ಹಾಕಿ ತಡಕಬಾರದು, ಇನ್ನೂ ಒಳಗೆ ಹೋದೀತು. ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಬೇಕು. ಉಸಿರೇ ಕಟ್ಟಿದರೆ, ವರ್ಷ ತುಂಬದ ಕೂಸನ್ನು ಮುಂಗೈ ಮೇಲೆ ತಲೆ ತಗ್ಗಿಸಿ ಬೋರಲು ಮಲಗಿಸಿ, ಬೆನ್ನಿಗೆ ಅಂಗೈಯ ಬುಡದಿಂದ 5 ಗುದ್ದು. ಆಮೇಲೆ ಅಂಗಾತ ತಿರುಗಿಸಿ ಎದೆಯ ನಡುವೆ 5 ಸಲ ಒತ್ತಬೇಕು. ಒಬ್ಬ ಅಜ್ಜಿಗೆ ರಬ್ಬರ್ ಗೊಂಬೆಗೆ ಹೊಡೆಯಲೂ ಕೈ ಬರಲಿಲ್ಲ. ಮುದ್ದಿಸಿಯೇ ರೂಢಿಯಾದ ಕೈಗೆ ಗುದ್ದು ಕಲಿಸುವುದು ಎಷ್ಟು ಕಷ್ಟ!

ಸುಟ್ಟ ಗಾಯಕ್ಕೆ ಟೂತ್‌ಪೇಸ್ಟ್ ಬೇಡ, 20 ನಿಮಿಷ ಹರಿಯುವ ತಣ್ಣೀರು ಎಂದಾಗ ಗೊಣಗಾಟ ಎದ್ದಿತು: ನಲ್ಲಿ ಬರುವುದೇ ದಿನ ಬಿಟ್ಟು ದಿನ. ಚೊಂಬಿನಿಂದ ಸುರಿಯುತ್ತಿದ್ದರೂ ಆದೀತಂತೆ.