ಅಂಕಿ ಬದಲಾಯಿತು, ಗೋಡೆ ಸರಿಯಲಿಲ್ಲ

ಕಲಬುರಗಿಯ ಜೇವರ್ಗಿ ರಸ್ತೆಯ ಕಡೆಯ ಹೊಸ ಬಡಾವಣೆಯೊಂದರಲ್ಲಿ 30×40 ಅಡಿಯ ನಿವೇಶನಕ್ಕೆ ಮನೆಯ ನಕ್ಷೆ ಮಾಡಿಕೊಟ್ಟಿದ್ದೆ. ಎರಡೂ ಬದಿಗೆ 3 ಅಡಿ ಬಿಟ್ಟರೆ ಕಟ್ಟಡದ ಅಗಲ 24 ಅಡಿ. ಅದರಲ್ಲಿ 9 ಇಂಚಿನ ಮೂರು ಗೋಡೆಗಳನ್ನು ಕಳೆದರೆ ಹಾಲಿಗೆ 11 ಅಡಿ, ಮಲಗುವ ಕೋಣೆಗೆ 10 ಅಡಿ 9 ಇಂಚು. ಪ್ರಿಂಟ್ ತೆಗೆಯುವ ಹೊತ್ತಿಗೆ ಮಾಲೀಕರು ಬಂದು, ಕೋಣೆ ಒಂದಡಿ ದೊಡ್ಡದಾಗಲಿ ಎಂದರು. ಅವಸರದಲ್ಲಿ ನಾನು ನಕ್ಷೆ ಬರೆಯುವ ತಂತ್ರಾಂಶವಾದ ಆಟೋಕ್ಯಾಡ್‌ನಲ್ಲಿ ಕೋಣೆಯ ಅಗಲ ತೋರಿಸುವ ಡೈಮೆನ್ಶನ್‌ನ (ಅಳತೆಯ ಗುರುತಿನ) ಮೇಲೆ ಎರಡು ಸಲ ಕ್ಲಿಕ್ ಮಾಡಿ, ಇದ್ದ ಅಂಕಿಯನ್ನು ಅಳಿಸಿ, 11 ಅಡಿ 9 ಇಂಚು ಎಂದು ಬರೆದುಬಿಟ್ಟೆ.

ಪಾಯದ ಗುರುತು ಹಾಕುವ ದಿನ ಗೌಂಡಿಯವರ ಫೋನ್ ಬಂತು: "ಸರ, ಎಲ್ಲಾ ಕೂಡಿಸಿದ್ರ 25 ಫೂಟ್ ಆಗ್ತದ್ರಿ, ಮ್ಯಾಲ 24 ಅಂತ ಬರ್ದೀರಿ. ಯಾವುದು ಹಿಡೀಲಿರಿ?"

ಡೈಮೆನ್ಶನ್ ಎಂಬುದು ಬರಿಯ ಬರಹವಲ್ಲ, ಎರಡು ಬಿಂದುಗಳ ನಡುವೆ ತಂತ್ರಾಂಶವೇ ಅಳೆದು ತೋರಿಸುವ ಅಂತರ. ಪ್ರಾಪರ್ಟೀಸ್ ಪಟ್ಟಿಯಲ್ಲಿ ‘ಮೆಷರ್‌ಮೆಂಟ್’ ಎಂಬ ಸಾಲನ್ನು ನಾವು ತಿದ್ದಲಾಗುವುದಿಲ್ಲ. ತಿದ್ದಲು ಸಿಗುವುದು ‘ಟೆಕ್ಸ್ಟ್ ಓವರ್‌ರೈಡ್’ ಎಂಬ ಸಾಲು ಮಾತ್ರ. ಅಲ್ಲಿ ಅಂಕಿಯನ್ನೇ ಬರೆದರೆ ಅಳತೆಯ ಮೇಲೆ ಮುಸುಕು ಹಾಕಿದ ಹಾಗೆ: ಮುಂದೆ ಗೋಡೆ ಎಷ್ಟೇ ಸರಿದರೂ ಆ ಅಂಕಿ ಅಲುಗಾಡುವುದಿಲ್ಲ. ಅಳತೆಯ ಜೊತೆಗೆ ‘ಗೋಡೆಯ ಒಳಗಿನಿಂದ’ ಎಂಬಂಥ ಮಾತು ಸೇರಿಸಬೇಕಾದಾಗ, ಅಂಕಿಯ ಜಾಗದಲ್ಲಿ ಲೆಸ್ ದ್ಯಾನ್, ಗ್ರೇಟರ್ ದ್ಯಾನ್ ಚಿಹ್ನೆಗಳೆರಡನ್ನೂ ಒತ್ತಟ್ಟಿಗೆ ಹಾಕಿ ಪಕ್ಕದಲ್ಲಿ ಆ ಮಾತನ್ನು ಬರೆದರೆ ನಿಜವಾದ ಅಳತೆ ಉಳಿದುಕೊಳ್ಳುತ್ತದೆ. ಡಿಮ್‌ಎಡಿಟ್ ಆಜ್ಞೆಯಲ್ಲಿ ‘ನ್ಯೂ’ ಆರಿಸಿ ಇದೇ ಜೋಡಿ ಚಿಹ್ನೆಯನ್ನು ಕೊಟ್ಟು ಎಲ್ಲ ಡೈಮೆನ್ಶನ್‌ಗಳನ್ನೂ ಆಯ್ದರೆ, ಕೈಯಿಂದ ಬರೆದ ಅಂಕಿಗಳೆಲ್ಲ ಹೋಗಿ ಅಳತೆಗಳು ಮರಳುತ್ತವೆ. ಪಕ್ಕದಲ್ಲಿ ಸೇರಿಸಿದ್ದ ಮಾತುಗಳೂ ಅದರ ಜೊತೆಗೇ ಹೋಗುತ್ತವೆ ಎಂಬುದನ್ನು ಮರೆಯಬಾರದು.

ಡೈಮೆನ್ಶನ್ ಅನ್ನು ಎಕ್ಸ್‌ಪ್ಲೋಡ್ ಮಾಡಿ ತಿದ್ದುವವರೂ ಇದ್ದಾರೆ. ಆಗ ಅದು ಬಿಡಿ ಗೆರೆ, ಬಾಣ, ಅಕ್ಷರಗಳಾಗಿ ಒಡೆದುಹೋಗುತ್ತದೆ, ಮರಳಿ ಪಡೆಯಲು ಅಳತೆಯೇ ಉಳಿದಿರುವುದಿಲ್ಲ. ನನ್ನ ಮಟ್ಟಿಗೆ ಇದು ಮೊದಲಿನದಕ್ಕಿಂತ ದೊಡ್ಡ ತಪ್ಪು. ಡಿಮ್‌ಅಸೋಕ್ ಎಂಬ ಸೆಟ್ಟಿಂಗ್‌ನ ಬೆಲೆಯನ್ನು 2ಕ್ಕೆ ಇಟ್ಟುಕೊಂಡು ಅಳತೆ ಹಾಕಿದರೆ ಡೈಮೆನ್ಶನ್ ಗೆರೆಗೆ ಅಂಟಿಕೊಂಡಿದ್ದು, ಗೆರೆ ಸರಿದಂತೆ ತಾನೂ ಬದಲಾಗುತ್ತದೆ.

ಅಂದು ಸಂಜೆ ಮಾಲೀಕರನ್ನು ಪಕ್ಕದಲ್ಲೇ ಕೂರಿಸಿಕೊಂಡು, ಮೊದಲು ನಾನು ಬರೆದ ಅಂಕಿಯನ್ನು ಅಳಿಸಿದೆ. ನಂತರ ಸ್ಟ್ರೆಚ್ ಆಜ್ಞೆ ಕೊಟ್ಟು, ಬಲದಿಂದ ಎಡಕ್ಕೆ ಆಯತ ಎಳೆದು ನಡುಗೋಡೆಯನ್ನು ಹಿಡಿದು, ಹಾಲಿನ ಕಡೆಗೆ 12 ಇಂಚು ಸರಿಸಿದೆ. ಕೋಣೆಯ ಅಂಕಿ 11 ಅಡಿ 9 ಇಂಚಿಗೆ ಏರಿತು, ಹಾಲಿನದು 10 ಅಡಿಗೆ ಇಳಿಯಿತು. ಅವರು ಆ 10ನ್ನೇ ಸ್ವಲ್ಪ ಹೊತ್ತು ನೋಡುತ್ತಾ ಕುಳಿತು, "ಬ್ಯಾಡ್ರಿ, ಮೊದ್ಲಿನಂಗೇ ಇರ್ಲಿ" ಎಂದರು.