ಪ್ಲಾಸ್ಟಿಕ್ ಸೋಲ್ಜರ್‌ಗಳಿಗೆ ಮಳೆ ಭಯ ಇಲ್ಲ, ಅಟ್ಟದ ಭಯ

ನಮ್ಮನೆ ತೀರ್ಥಹಳ್ಳಿ ಹತ್ರ. ಹಳೇ ಪ್ಲಾಸ್ಟಿಕ್ ಮಿಲಿಟ್ರಿ ಗೊಂಬೆ ಕೂಡಿಡ್ತೀನಿ ಅಂತ ಗೊತ್ತಾದವ್ರು ಮೊದ್ಲು ಕೇಳೋದೇ ‘ಈ ಮಳೇಲಿ ಹಾಳಾಗಲ್ವಾ ಮಾರಾಯ’ ಅಂತ. ಮಳೆಗೆ ಏನೂ ಆಗಲ್ಲ. ಇವನ್ನ ತಿನ್ನೋದು ಬಿಸಿಲು, ಕಾವು, ಮತ್ತೆ ಪಕ್ಕದಲ್ಲೇ ಕೂತಿರೋ ಇನ್ನೊಂದು ಜಾತಿ ಪ್ಲಾಸ್ಟಿಕ್ಕು. ಇದನ್ನ ಬಿಡಿಸಿ ಹೇಳ್ಲೇಬೇಕು, ಯಾಕಂದ್ರೆ ನಮ್ಮ ಕಡೆ ಹಳೇ ಸಾಮಾನೆಲ್ಲ ಹೋಗಿ ಸೇರೋದು ಅಟ್ಟಕ್ಕೇ.

ನಂಗೆ ತುಂಬಾ ಇಷ್ಟ ಅಂದ್ರೆ ಇಂಗ್ಲೆಂಡಿನ ಏರ್‌ಫಿಕ್ಸ್ ಕಂಪ್ನಿಯ ಪುಟಾಣಿ ಸೋಲ್ಜರ್‌ಗಳು. 1959ರಲ್ಲಿ ಶುರುವಾಗಿದ್ದು, ಎತ್ತರ ಎರಡೂವರೆ ಸೆಂಟಿಮೀಟರಿಗೂ ಕಮ್ಮಿ, ಒಂದು ಸಣ್ಣ ರಟ್ಟಿನ ಡಬ್ಬಿಲಿ ಒಂದಿಡೀ ದಳ. ಅದ್ರಲ್ಲೂ ಬ್ರಿಟಿಷರ ಎಂಟನೇ ಸೇನೆ ಸೆಟ್ಟು, ಎರಡನೇ ಮಹಾಯುದ್ಧದಲ್ಲಿ ಉತ್ತರ ಆಫ್ರಿಕಾದ ಮರಳುಗಾಡಲ್ಲಿ ಜರ್ಮನ್ ಸೇನಾಪತಿ ರೊಮೆಲ್ ಎದುರು ಕಾದಾಡಿದ ಸೇನೆ ಅದು. ಚಡ್ಡಿ ಹಾಕಿರೋ ಮರಳು ಬಣ್ಣದ ಒಬ್ಬನ್ನ ಭೂತಗನ್ನಡಿ ಇಟ್ಟು ನೋಡಿದ್ರೆ ಬಟ್ಟೆ ಮಡಿಕೆ ಕಾಣುತ್ತೆ, ಹೆಲ್ಮೆಟ್‌ನಿಂದ ಭುಜದವರೆಗೆ ಅಚ್ಚಿನ ಎರಡು ಹೋಳು ಸೇರಿದ ಗೆರೆ ಕೂಡ ಕಾಣುತ್ತೆ, ಆ ಗೆರೆ ನಾನು ಕೆರೆದು ತೆಗೆಯಲ್ಲ. ಆ ಸೇನೇಲಿ ನಮ್ಮ 4ನೇ ಇಂಡಿಯನ್ ಡಿವಿಷನ್ನೂ ಇತ್ತು, ಆದ್ರೆ ನನ್ನ ಸೆಟ್ಟಲ್ಲಿ ಪೇಟ ಕಟ್ಟಿದವ್ನು ಒಬ್ನೂ ಇಲ್ಲ, ಅದು ನಂಗೆ ಇವತ್ತಿಗೂ ಬೇಜಾರು.

ಇವೆಲ್ಲ ಪಾಲಿಥೀನ್. ಮೆತ್ತಗಿರುತ್ತೆ, ಬಂದೂಕು ಬಗ್ಗಿಸಿದ್ರೆ ಬಗ್ಗುತ್ತೆ, ಪೇಂಟ್ ಮಾತ್ರ ಅದಕ್ಕೆ ಸರಿಯಾಗಿ ಹಿಡಿಯಲ್ಲ. ಬಿಸಿಲಿನ ಅಲ್ಟ್ರಾವಯಲೆಟ್ಟು, ಗಾಳೀಲಿರೋ ಆಕ್ಸಿಜನ್ನು ಸೇರಿ ವರ್ಷಗಟ್ಟಲೆ ಅದರ ಉದ್ದುದ್ದ ಸರಪಳಿ ಅಣುಗಳನ್ನ ತುಂಡು ಮಾಡ್ತಾ ಹೋಗುತ್ತೆ, ಕಾವಿದ್ರೆ ಇನ್ನೂ ಬೇಗ. ಆಮೇಲೆ ಒಂದಿನ ಕೈಗೆತ್ಕೊಂಡ್ರೆ ಬಂದೂಕಿನ ತುದಿ ಪಟ್ ಅಂತ ಮುರಿಯುತ್ತೆ, ಇಲ್ಲಾ ಕಾಲಿನ ಗಂಟು. ಹಂಚಿನ ಕೆಳಗಿನ ಅಟ್ಟ ಏಪ್ರಿಲಲ್ಲಿ ಹೆಂಗೆ ಕಾಯುತ್ತೆ ಅಂತ ಹತ್ತಿದವ್ರಿಗೆ ಗೊತ್ತು. ಅದಕ್ಕೇ ನನ್ನವು ನಡುಮನೆ ಕಪಾಟಲ್ಲಿ, ಬೆಳಕು ಬೀಳದ ಕಡೆ ಇರೋದು.

ಟ್ಯಾಂಕಿನ ಕಥೆ ಬೇರೆ. ಬಿಡಿಭಾಗ ಜೋಡಿಸಿ ಮಾಡೋ ಕಿಟ್ ಟ್ಯಾಂಕುಗಳ ಬಾಡಿ ಪಾಲಿಸ್ಟೈರೀನ್ ಅನ್ನೋ ಗಟ್ಟಿ ಪ್ಲಾಸ್ಟಿಕ್ಕು, ಕೆಲವಕ್ಕೆ ಚೈನು ಮಾತ್ರ ಮೆತ್ತನೆ ವಿನೈಲ್, ಅಂದ್ರೆ ಪಿವಿಸಿ. ವಿನೈಲ್ ಮೆತ್ತಗಾಗ್ಲಿ ಅಂತ ಹಾಕಿರೋ ಎಣ್ಣೆಯಂಥ ಪದಾರ್ಥ ನಿಧಾನಕ್ಕೆ ಹೊರಗೆ ಬಂದು ತಾಗಿರೋ ಚಕ್ರನೇ ಕರಗಿಸುತ್ತೆ, ಚೈನು ಚಕ್ರದೊಳಗೆ ಇಳಿದು ಅಂಟ್ಕೊಂಡಿರುತ್ತೆ, ಆಮೇಲೆ ರಿಪೇರಿ ಅನ್ನೋದೇ ಇಲ್ಲ. ಚೈನು ಬಿಚ್ಚಿ ಬೇರೆ ಇಡಿ. ಪಿವಿಸಿ ಕವರಲ್ಲಂತೂ ಟ್ಯಾಂಕ್ ಹಾಕ್ಲೇಬೇಡಿ.

ಚಿಕ್ಕಪ್ಪ ಸಾಗರದ ಮಾರಿಕಾಂಬಾ ಜಾತ್ರೇಲಿ ಕೊಡಿಸಿದ ಹಸಿರು ಸೋಲ್ಜರ್‌ಗಳೂ ನನ್ನ ಹತ್ರ ಇದಾವೆ, ಬುಡದಲ್ಲಿ ‘ಹಾಂಗ್‌ಕಾಂಗ್’ ಅಂತಿದೆ. ಕಂಪ್ನಿ ಗೊಂಬೆ ನೋಡಿ ಹೊಡೆದ ಕಾಪಿ. ಗೊಂಬೆಯಿಂದಲೇ ಮತ್ತೆ ಅಚ್ಚು ತೆಗೆದ್ರೆ, ಪ್ಲಾಸ್ಟಿಕ್ ತಣಿಯುವಾಗ ಕುಗ್ಗೋದ್ರಿಂದ ಒಂಚೂರು ಕುಳ್ಳಾಗುತ್ತೆ, ಮೂಗು ಬಾಯಿ ಅಳಿಸಿ ಹೋಗುತ್ತೆ. ಕೆಲವ್ರು ಇವನ್ನ ಮುಟ್ಟಲ್ಲ. ನಂಗೆ ಇವು ಅಷ್ಟೇ ಮುಖ್ಯ, ನಮ್ಮೂರ ಹುಡುಗ್ರ ಕೈಗೆ ಬಂದಿದ್ದು ಇವೇ.

ಮಳೆಗಾಲದಲ್ಲಿ ನಿಜವಾಗ್ಲೂ ಹಾಳಾಗೋದು ರಟ್ಟಿನ ಡಬ್ಬಿ. ಆರಿದ್ರಾ ಮಳೆ ಹಿಡಿದ್ರೆ ವಾರದಲ್ಲೇ ಬೂಸ್ಟು ಬರುತ್ತೆ, ಮೇಲಿನ ಚಿತ್ರ ಒಂದ್ಸಲ ಕಲೆಯಾದ್ರೆ ಹೋಗಲ್ಲ. ಹಂಗಾಗಿ ಮೇ ತಿಂಗಳಲ್ಲೇ ಡಬ್ಬಿಗಳನ್ನ ಖಾಲಿ ಮಾಡಿ, ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಹಾಕಿಡ್ತೀನಿ. ಸೋಲ್ಜರ್‌ಗಳು ಕಪಾಟಲ್ಲೇ ಇರ್ತಾರೆ, ಕೊಳೆಯಾದ್ರೆ ಉಗುರುಬೆಚ್ಚಗಿನ ನೀರು, ಸೋಪು, ಮೆತ್ತನೆ ಬ್ರಷ್ಷು ಸಾಕು, ಒಣಗಿಸೋದು ಮಾತ್ರ ನೆರಳಲ್ಲಿ.