ನಾಯಿ ಹಿಂಗ ಅಳಬಾರ್ದ್ರಿ

"ನಮ್ಮ ಮಾವಗ ಆರಾಮಿಲ್ರಿ ಅಕ್ಕಾ. ನಿಮ್ಮ ನಾಯಿ ಹಿಂಗ ಅಳಬಾರ್ದ್ರಿ."

ಸೋಮವಾರ ಲಿಫ್ಟ್ ಹತ್ತಿರ ಕೆಳಗಿನ ಮನೆಯಾಕೆ ಹೇಳಿದ ಮಾತು. ಜಗಳಕ್ಕೆ ಬಂದಿರಲಿಲ್ಲ. ಕೈಯಲ್ಲಿ ಔಷಧಿ ಚೀಟಿ, ಮುಖದಲ್ಲಿ ನಿಜವಾದ ಹೆದರಿಕೆ. ಬೈದಿದ್ದರೆ ನಾನೂ ಬೈಯುತ್ತಿದ್ದೆ. ಹೆದರಿದವರಿಗೆ ಏನು ಹೇಳೋದು?

ಬ್ರಹ್ಮಪುರದ ಓಣಿ ಬಿಟ್ಟು ಸೇಡಂ ರಸ್ತೆಯ ಈ ಫ್ಲ್ಯಾಟಿಗೆ ಬಂದಾಗಿನಿಂದ ಕಾಳ್ಯಾನದು ಇದೇ ಗೋಳು. ವಯಸ್ಸು 11. ನಾನು ಹೊರಗೆ ಬಿದ್ದರೆ ಸಾಕು, ಬಾಗಿಲು ಕೆರೆಯುತ್ತಾನೆ, ಜೊಲ್ಲು ಸುರಿಸುತ್ತಾನೆ, ಆಮೇಲೆ ಊಳಿಡುತ್ತಾನೆ. "ನಾಕ್ ದಿನ ಅತ್ತು ಸುಮ್ನಾಗ್ತದ ಬಿಡು" ಅಂದ ಅಣ್ಣ. ತನ್ನ ಮಕ್ಕಳನ್ನೂ ಹಾಗೇ ಬೆಳೆಸಿದವನು, ಅವನ ಮಾತು ಬಿಡಿ.

ಡಾಕ್ಟರು ಮೊದಲು ಕಣ್ಣು, ಕಿವಿ, ಮೂತ್ರ ಎಲ್ಲಾ ನೋಡಿದರು. ಮುದಿ ನಾಯಿಗಳಿಗೂ ನಮ್ಮ ಹಾಗೆ ಮರೆವಿನ ಕಾಯಿಲೆ ಬರುತ್ತದಂತೆ. ಇವನಿಗೆ ಅದಿಲ್ಲ, ಸೊಂಟ ನೋವು ಇದೆ. ಹಳೇ ಮನೆಯಲ್ಲಿ ಶಹಾಬಾದ್ ಫರ್ಸಿ, ಒರಟು, ತಂಪು. ಇಲ್ಲಿ ನುಣ್ಣನೆ ಟೈಲ್ಸ್, ಎದ್ದರೆ ಕಾಲು ಜಾರುತ್ತದೆ. ಉದ್ದಕ್ಕೂ ರಬ್ಬರ್ ಮ್ಯಾಟ್ ಹಾಸಿದೆ. ಅವನ ಕೌದಿ ಸದ್ಯಕ್ಕೆ ತೊಳೆಯಬೇಡಿ, ಹಳೇ ವಾಸನೆ ಇರಲಿ ಅಂದರು. ಅಕ್ಕ ಬಂದವಳು ಮೂಗು ಮುಚ್ಚಿಕೊಂಡೇ ಚಹಾ ಕುಡಿದಳು.

ಕೀಲಿಕೈ ಸಪ್ಪಳ, ಚಪ್ಪಲಿ ಕಂಡರೇ ಅವನಿಗೆ ನಡುಕ ಶುರು. ಅದಕ್ಕೆ ಈಗ ಕೀಲಿಕೈ ಹಿಡಿದು ಎಲ್ಲೂ ಹೋಗದೆ ಕೂರುತ್ತೇನೆ. ಚಪ್ಪಲಿ ಮೆಟ್ಟಿಕೊಂಡು ಟಿವಿ ನೋಡುತ್ತೇನೆ. ನೋಡಿದವರು ಏನಂದುಕೊಳ್ಳಬೇಕು! ಆಮೇಲೆ ಬಾಗಿಲಾಚೆ ಒಂದು ಗಳಿಗೆ, ಅವನು ಶುರು ಮಾಡುವ ಮೊದಲೇ ವಾಪಸ್. ಸ್ವಲ್ಪ ಸ್ವಲ್ಪ ಹೊತ್ತು ಹೆಚ್ಚಿಸಬೇಕು. ಗದರಿಸುವಂತಿಲ್ಲ, ಗದರಿಸಿದರೆ ಹೆದರಿಕೆ ಇನ್ನೂ ಜಾಸ್ತಿ. ಸದ್ಯ ಕೆಳಗಿಳಿದು ಹಾಲಿನ ಪಾಕೀಟು ತರುವಷ್ಟು ಸಮಯ ಸಿಗುತ್ತಿದೆ.

ಆದರೂ ಆ ಮಾತು ತಲೆಯಿಂದ ಹೋಗಿಲ್ಲ. ಹಿಂಗ ಅಳಬಾರ್ದ್ರಿ. ನಾಯಿ ಅತ್ತರೆ ಕೇಡು ಅಂತ ಓಣಿಯಲ್ಲೂ ಅನ್ನುತ್ತಿದ್ದರು. ಆದರೆ ಅಲ್ಲಿ ಯಾರಾದರೂ ಹೊರಗೆ ಬಂದು "ಏ ಕಾಳ್ಯಾ, ಏನಾತೋ" ಅಂತ ರೊಟ್ಟಿ ಚೂರು ಎಸೆಯುತ್ತಿದ್ದರು. ಬೆಳಗ್ಗೆ ತೆಗೆದ ಬಾಗಿಲು ರಾತ್ರಿಯೇ ಹಾಕುತ್ತಿದ್ದದ್ದು. ಮುಚ್ಚಿದ ಮನೆಯಲ್ಲಿ ಒಬ್ಬನೇ ಇರೋದು ಅವನಿಗೆ ಈ ವಯಸ್ಸಲ್ಲಿ ಹೊಸದು. ಊಳಿಡೋದು ನಾಯಿ ತನ್ನವರನ್ನು ಕರೆಯುವ ರೀತಿ. ಯಮ ಕಂಡ ಅಂತ ನಾವು ಅರ್ಥ ಹಚ್ಚುತ್ತೇವೆ. ಪಾಪ, ಅವನಿಗೆ ಯಾರೂ ಕಾಣುತ್ತಿಲ್ಲ. ಕೆಳಗಿನ ಆ ಹಿರಿಯರೂ ಮಗ, ಸೊಸೆ ಕೆಲಸಕ್ಕೆ ಹೋದ ಮೇಲೆ ಸಂಜೆತನಕ ಒಬ್ಬರೇ, ಬಾಗಿಲು ಹಾಕಿಕೊಂಡು. ಅವರು ಅಳುವವರಲ್ಲ, ಹಾಗಾಗಿ ಯಾರಿಗೂ ತೊಂದರೆಯಿಲ್ಲ.

ನಿನ್ನೆ ಆಕೆಯೇ ಮೇಲೆ ಬಂದರು. "ಹೊರಗ ಹೋಗೋದಿದ್ರ ಮೊದ್ಲು ಹೇಳ್ರಿ, ಮಾವನ ಖೋಲಿ ಕಿಟಕಿ ಹಾಕ್ತೀನಿ." ಒಪ್ಪಿದೆ. ಭಾನುವಾರ ಚಿತ್ತಾಪುರದಲ್ಲಿ ಮದುವೆ. ನಾನು ಹೋಗುತ್ತಿಲ್ಲ, ಜ್ವರ ಅಂತ ಹೇಳಿದ್ದೇನೆ. ನಾಯಿಗಾಗಿ ಅಂದರೆ ಬೀಗರು ವರ್ಷಗಟ್ಟಲೆ ನಗುತ್ತಾರೆ.